ಎರಡು ಹಿಡಿ ಬೂರುಗದ ಹತ್ತಿ

ಮೊನ್ನೆ ಹಳೇ ದಿಂಬೊಂದನ್ನು ಬಿಚ್ಚಿ ಹತ್ತಿಯನ್ನು ತಾರಸಿಯಲ್ಲಿ ಬಿಸಿಲಿಗೆ ಹಾಕಿದ್ದೆ. ಬೂರುಗದ ಹತ್ತಿಗೆ ಬಿಸಿಲು ತಾಗಿದರೆ ಬೀಜ ಹುರಿದಂಥ ಒಂದು ಒಣ ವಾಸನೆ ಬರುತ್ತದೆ. ಆ ವಾಸನೆಗೆ ಹಿಂದೆ ಪಕ್ಕದ ಮನೆಯಲ್ಲಿದ್ದ ಭಾಯ್ ನೆನಪಾದರು...

ಜೋಗುಪಾಳ್ಯದ ವಠಾರದಲ್ಲಿ ನಮ್ಮೆರಡು ಮನೆಗಳ ನಡುವೆ ಒಂದೇ ಗೋಡೆ. ಯುದ್ಧವಿಮಾನದವರ ಬೆನ್ನು ಉಳಿಸುವುದು ಹೇಗೆಂದು ಸಂಶೋಧನೆ ಮಾಡುವ ಒಂದು ಪ್ರಯೋಗಾಲಯದಲ್ಲಿ ಭಾಯ್ ಕೆಲಸಕ್ಕಿದ್ದರು. ವಿಮಾನ ಕೆಟ್ಟು ಬೀಳುವಾಗ ಪೈಲಟನ್ನು ಸೀಟಿನ ಸಮೇತ ಮೇಲಕ್ಕೆ ಚಿಮ್ಮಿಸುತ್ತಾರಂತೆ. ಜೀವ ಉಳಿದರೂ ಆ ಹೊಡೆತಕ್ಕೆ ಬೆನ್ನುಮೂಳೆ ಮುರಿಯಬಹುದು. ಅದಕ್ಕೇ ನೆಟ್ಟಗೆ ನಿಲ್ಲಿಸಿದ ಎತ್ತರದ ಕಂಬಿಯ ಗುಂಟ ಸೀಟು ಹಾರಿಸಿ ನೋಡುತ್ತಿದ್ದರು. ಮೊದಲು ಆಳೆತ್ತರದ ಬೊಂಬೆಯನ್ನು ಕೂರಿಸುವುದು, ಮಾರನೆಯ ದಿನ ಕಡಿಮೆ ವೇಗದಲ್ಲಿ ಮನುಷ್ಯನನ್ನು.

"ನಮ್ಮನೇಲಿ ಮೆತ್ತಗಿರೋ ಒಂದು ಸೋಫಾ ಇಲ್ಲ, ಇವ್ರು ಊರೋರ ಬೆನ್ನು ಕಾಯ್ತಾರೆ," ಎಂದು ಅವರ ಹೆಂಡತಿ ನನ್ನೆದುರೇ ಛೇಡಿಸುತ್ತಿದ್ದರು.

ಒಮ್ಮೆ ಆ ಸೀಟಿನ ಮೆತ್ತೆಯ ಬಟ್ಟೆ ಹರಿದಿತ್ತು. ಅಲ್ಲಿನ ಟೈಲರ್ ರಜೆಯಲ್ಲಿದ್ದನಂತೆ. ನನ್ನ ಹತ್ತಿರ ಹೊಲಿಗೆ ಯಂತ್ರ ಇದ್ದದ್ದರಿಂದ ಭಾಯ್ ತಂದುಕೊಟ್ಟರು.

"ಅಕ್ಕಾ, ಇದ್ದ ಹಂಗೇ ಹೊಲೀರಿ. ಒಳಗಡೆ ಏನೂ ಮುಟ್ಬೇಡಿ."

ಒತ್ತಿ ನೋಡಿದೆ. ಹಲಗೆಯಂತೆ ಗಟ್ಟಿ. ಇದರ ಮೇಲೆ ಕೂರುವವನೂ ಯಾವುದೋ ತಾಯಿಯ ಮಗ ತಾನೇ... ಅವತ್ತು ಶನಿವಾರ. ಆಂಜನೇಯನ ಹೆಸರು ಹೇಳಿ ಎರಡು ಹಿಡಿ ಬೂರುಗದ ಹತ್ತಿಯನ್ನು ಒಳಗೆ ಸಮವಾಗಿ ಹರಡಿ ಹೊಲಿದುಬಿಟ್ಟೆ. ಪುಣ್ಯದ ಕೆಲಸ ಅಂದುಕೊಂಡೆ.

ಎರಡು ದಿನ ಬಿಟ್ಟು ಸಂಜೆ, ಭಾಯ್ ಅದೇ ಹತ್ತಿಯನ್ನು ಒಂದು ಕವರಿನಲ್ಲಿ ಹಿಡಿದು ಬಾಗಿಲಲ್ಲಿ ನಿಂತಿದ್ದರು.

"ನಿಮ್ಮ ಪ್ರೀತಿಗೆ ನಮ್ಮ ಬೊಂಬೆ ಸೊಂಟ ಹೋಯ್ತಲ್ಲ ಅಕ್ಕಾ!"

"ಮೆತ್ತಗಿರ್ಲಿ ಅಂತ ಹಾಕ್ದೆ ಭಾಯ್."

"ಮೆತ್ತಗಿದ್ರೇನೇ ಕಷ್ಟ. ಹತ್ತಿ ಕುಗ್ಗೋವರ್ಗೂ ಮನುಷ್ಯ ಇದ್ದಲ್ಲೇ ಇರ್ತಾನೆ, ಸೀಟು ಮಾತ್ರ ಜೋರಾಗಿ ಬಂದು ಕೆಳಗಿಂದ ಗುದ್ದುತ್ತೆ. ಗಟ್ಟಿ ಇದ್ರೆ ಎರಡೂ ಒಟ್ಟಿಗೆ ಮೇಲೇಳುತ್ತೆ."

ಬೊಂಬೆಯ ಬೆನ್ನಿನೊಳಗಿನ ಮೀಟರು ಎಂದೂ ಇಲ್ಲದಷ್ಟು ಹೊಡೆತ ತೋರಿಸಿತಂತೆ. ಅದಕ್ಕೇ ಮೆತ್ತೆ ಬಿಚ್ಚಿ ನೋಡಿದ್ದಾರೆ.

"ಬೊಂಬೆ ಆದ್ಮೇಲೆ ಯಾರು ಕೂರ್ಬೇಕಿತ್ತು?" ಎಂದು ಕೇಳಿದೆ.

"ನಾನೇ," ಎಂದು ನಕ್ಕರು.

ತಪ್ಪಾಯಿತು ಅನ್ನಬೇಕಿತ್ತು. ಒಳಗೆ ಹೋಗಿ ಕಾಫಿ ತಂದುಕೊಟ್ಟೆ, ಕುಡಿದು ಹೋದರು.

ಹೊರಗಡೆ ಹೊಲಿಸಿದ್ದು, ನೋಡದೆ ಸೀಟಿಗೆ ಹಾಕಿದ್ದು ಎಲ್ಲ ತಮ್ಮದೇ ತಪ್ಪೆಂದು ಭಾಯ್ ಆಫೀಸಿಗೆ ಬರೆದುಕೊಟ್ಟರಂತೆ. ನನ್ನ ಹೆಸರು ಹೇಳಲಿಲ್ಲವಂತೆ. ಅವರನ್ನು ಸೀಟಿನ ಕೆಲಸದಿಂದ ತೆಗೆದು ಸ್ಟೋರಿಗೆ ಹಾಕಿದರು. ಇದನ್ನೆಲ್ಲ ಅವರ ಹೆಂಡತಿ ಹೇಳಿದ್ದು ಎಷ್ಟೋ ತಿಂಗಳ ಮೇಲೆ. ಭಾಯ್ ಒಂದು ದಿನವೂ ಆ ವಿಷಯ ಎತ್ತಲಿಲ್ಲ. ರಂಜಾನ್ ಹಬ್ಬಕ್ಕೆ, ನಮಗೆಂದೇ ಬೇರೆ ಎತ್ತಿಟ್ಟ ಪಾತ್ರೆಯಲ್ಲಿ ಶೀರ್‌ಖುರ್ಮಾ ಬರುವುದೂ ತಪ್ಪಲಿಲ್ಲ. ನಾನು ಪಾತ್ರೆ ತೊಳೆದು, ಸಕ್ಕರೆ ಹಾಕಿ ಹಿಂದಿರುಗಿಸುತ್ತಿದ್ದೆ. ನಾನು ಹೇಳಬೇಕಿದ್ದ ಆ ಒಂದು ಮಾತು ಮಾತ್ರ ಹಾಗೇ ಉಳಿಯಿತು...

ಆಮೇಲೆ ನಾವು ಕೆ.ಆರ್. ಪುರಕ್ಕೆ ಬಂದೆವು. ಹೋದ ವರ್ಷ ಭಾಯ್ ಹೃದಯ ನಿಂತು ಹೋದರೆಂದು ಫೋನ್ ಬಂತು. ನಾನು ತಲುಪುವಷ್ಟರಲ್ಲಿ ಮಣ್ಣು ಮಾಡಿ ಆಗಿತ್ತು. ಅವರ ಹೆಂಡತಿಯ ಪಕ್ಕ ಕೂತೆ. ಏನು ಮಾತಾಡಬೇಕೋ ತಿಳಿಯದೆ, "ತಲೆ ಕೆಳಗೆ ಏನಾದ್ರೂ ಇಡ್ತಾರಾ?" ಎಂದು ಕೇಳಿಬಿಟ್ಟೆ.

"ಏನೂ ಇಡಲ್ಲ ಅಕ್ಕಾ. ಮಣ್ಣೇ."

ನನಗೆ ಅಳು ಬರಲಿಲ್ಲ. ಇವತ್ತಿಗೂ ಬಂದಿಲ್ಲ. ದೀಪ ಹಚ್ಚಿ ದೇವರ ದಯೆಗಳನ್ನು ಎಣಿಸುವಾಗ, ಅವತ್ತು ಮೊದಲು ಕೂತದ್ದು ಬೊಂಬೆ ಅನ್ನುವುದನ್ನು ಮರೆಯದೆ ಎಣಿಸುತ್ತೇನೆ, ಅಷ್ಟೇ.

ಭಾಯ್ ಹಿಂದಕ್ಕೆ ಕೊಟ್ಟ ಹತ್ತಿಯನ್ನು ಈ ದಿಂಬಿಗೇ ತುಂಬಿದ್ದೆ. ಅದರಲ್ಲಿ ಆ ಎರಡು ಹಿಡಿ ಯಾವುದೆಂದು ಈಗ ಗೊತ್ತಾಗುವುದಿಲ್ಲ. ಬಿಸಿಲು ಇಳಿದ ಮೇಲೆ ಎಲ್ಲವನ್ನೂ ಬಾಚಿ ತುಂಬಿ, ಅಂಚು ಹೊಲಿದೆ. "ತಪ್ಪಾಯ್ತು ಭಾಯ್," ಎಂದು ಗಟ್ಟಿಯಾಗಿಯೇ ಹೇಳಿದೆ. ತಾರಸಿಯಲ್ಲಿ ಯಾರೂ ಇರಲಿಲ್ಲ.