ಸದ್ದಿಲ್ಲದ ಉಬ್ಬಸ

ನನ್ನ ಅತ್ತೆಯನ್ನು ನಾನು ಕ್ಷಮಿಸಿಲ್ಲ. ಅವರು ತೀರಿಕೊಂಡು ಎಷ್ಟೋ ವರ್ಷಗಳಾದವು. ನನಗೂ ಅವರ ಆಗಿನ ವಯಸ್ಸು ದಾಟಿತು. ಸತ್ತವರ ಮೇಲೆ ಹಗೆ ಸಲ್ಲದು ಎಂದು ಹೇಳುವವರೆಲ್ಲ ಹೇಳಿಯಾಯಿತು. ಹೇಳುವವರಿಗೇನು, ಅವರ ಎದೆ ಒಂದು ದಿನವೂ ಕಟ್ಟಿದ್ದಿಲ್ಲ.

ಐವತ್ತರ ದಶಕದ ಕೊನೆ. ಸೇರು, ಕೊಳಗ ಹೋಗಿ ಇನ್ನು ಕಿಲೋ ಬರುತ್ತದಂತೆ ಎಂದು ಜನ ಅನುಮಾನದಿಂದ ಮಾತಾಡಿಕೊಳ್ಳುತ್ತಿದ್ದರು. ಆಗ ನಾನು ಶಿಕಾರಿಪುರದಿಂದ ಸೊರಬದ ಭತ್ತದ ವ್ಯಾಪಾರಿಗಳ ಮನೆಗೆ ಸೊಸೆಯಾಗಿ ಬಂದೆ. ಒಂದು ಟ್ರಂಕಿನ ಜೊತೆ ಚಿಕ್ಕಂದಿನ ಉಬ್ಬಸವನ್ನೂ ತಂದಿದ್ದೆ. ಅಪ್ಪ ಅದನ್ನು ಮುಚ್ಚಿಟ್ಟಿರಲಿಲ್ಲ. ಹುಡುಗಿಗೆ ಧೂಳು, ಹೊಗೆ ಆಗುವುದಿಲ್ಲ, ಡಾಕ್ಟರು ಕೊಟ್ಟ ಮಾತ್ರೆ ಇದೆ ಎಂದು ಮಾತುಕತೆಯ ದಿನವೇ ಹೇಳಿದ್ದರು. ಅತ್ತೆ ತಲೆಯಾಡಿಸಿದ್ದರು.

ನನ್ನ ಉಬ್ಬಸಕ್ಕೆ ಸದ್ದಿರಲಿಲ್ಲ, ಅದೇ ನನ್ನ ಕರ್ಮವಾಯಿತು. ಅತ್ತೆಯ ಅಣ್ಣನಿಗೂ ಉಬ್ಬಸವಿತ್ತಂತೆ. ಆತನ ಎದೆಯ ಸುಯ್‌ಸುಯ್ ಬೀದಿಗೆಲ್ಲ ಕೇಳುತ್ತಿತ್ತಂತೆ. ಆದ್ದರಿಂದ ಉಬ್ಬಸವೆಂದ ಮೇಲೆ ಅದು ಕೇಳಿಸಲೇಬೇಕು ಎಂಬುದು ಅವರ ತೀರ್ಮಾನ. ಉಬ್ಬಸದವರಿಗೆ ಉಸಿರು ಒಳಗೆ ಬರುವುದಿಲ್ಲ ಎಂದು ಜನ ತಿಳಿದಿದ್ದಾರೆ. ಬರುತ್ತದೆ, ಹೊರಗೆ ಹೋಗುವುದಿಲ್ಲ. ತುಂಬಿದ ಚೀಲಕ್ಕೆ ಮೇಲಿಂದ ಇನ್ನೊಂದು ಸೇರು, ಮತ್ತೊಂದು ಸೇರು ತುರುಕಿದ ಹಾಗೆ. ಎದೆ ಕಟ್ಟಲು ತೊಡಗಿದ್ದು ನನಗೆ ಬಹಳ ಮುಂಚೆಯೇ ತಿಳಿಯುತ್ತಿತ್ತು. ಕತ್ತಿನ ಕೆಳಗಿನ ಗುಳಿಯಲ್ಲಿ ಮೊದಲು ಒಂದು ಒತ್ತು. ಆಮೇಲೆ ಮಾತು ತುಂಡಾಗುವುದು. ಬೆಳಿಗ್ಗೆ ಏಳುವ ಮುಂಚೆ ಒಂದೇ ಉಸಿರಿನಲ್ಲಿ ಇಪ್ಪತ್ತರವರೆಗೆ ಎಣಿಸಿ ನೋಡುವುದನ್ನು ಅವ್ವ ಕಲಿಸಿದ್ದಳು. ಇಪ್ಪತ್ತು ಮುಟ್ಟಿದರೆ ಒಳ್ಳೆಯ ದಿನ, ಹತ್ತಕ್ಕೆ ನಿಂತರೆ ಮಾತ್ರೆ.

ಅತ್ತೆಯ ಬಾಯಲ್ಲಿ ಎಲ್ಲ ಕೆಲಸಕ್ಕೂ ಒಂದೇ ಮಾತು, ಓಡು. ಓಡು, ಮೊರ ತಾ. ಓಡು, ನೀರು ತಾ. ಉಸಿರು ಸಿಗುತ್ತಿಲ್ಲ ಎಂದರೆ ನನ್ನ ಎದೆಯ ಹತ್ತಿರ ಕಿವಿ ತಂದು ಕೇಳಿ, ಏನೂ ಇಲ್ಲವಲ್ಲ ಎನ್ನುತ್ತಿದ್ದರು. ಒಮ್ಮೆ ಆನವಟ್ಟಿಯಿಂದ ನೆಂಟರು ಬಂದಿದ್ದರು. ಹಸಿ ಸೌದೆ, ಒಲೆ ಹತ್ತುತ್ತಿರಲಿಲ್ಲ. ನನಗೆ ಆ ದಿನ ಎಣಿಕೆ ಒಂಬತ್ತಕ್ಕೇ ನಿಂತಿತ್ತು. ಅತ್ತೆ ಊದುಗೊಳವೆಯನ್ನು ನನ್ನ ಕೈಗೆ ತುರುಕಿದರು. ಊದಿದೆ. ಬೂದಿಯೂ ಅಲುಗಲಿಲ್ಲ. ಮತ್ತೆ ಊದಿದೆ, ಕಣ್ಣು ಕತ್ತಲಿಟ್ಟು ಅಲ್ಲೇ ಕುಸಿದು ಕೂತೆ. ಐದಾರು ಹೆಂಗಸರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು.

"ಸದ್ದಿಲ್ಲದ ಉಬ್ಬಸ ಯಾವೂರಿಂದು ಮಾರಾಯ್ತಿ? ನಾಟಕ ಇದು," ಎಂದರು ಅತ್ತೆ, ಅವರ ಕಡೆ ತಿರುಗಿ. "ಉಣ್ಣಕ್ಕೆ ಬಾಯಿ ಐತೆ, ಊದಕ್ಕೆ ಉಸಿರಿಲ್ಲ."

ಹೆಂಗಸರು ನಕ್ಕರು. ಈಕೆಗೂ ಒಂದು ದಿನ ಹೀಗೇ ಉಸಿರು ನಿಲ್ಲಲಿ, ಅದನ್ನು ನಾನು ನೋಡಲಿ ಎಂದು ಆ ಬೂದಿಯ ಮುಂದೆ ಕೂತೇ ಬೇಡಿಕೊಂಡೆ. ದೇವರಲ್ಲಿ ಅಷ್ಟು ಮನಸ್ಸಿಟ್ಟು ನಾನು ಬೇರೇನನ್ನೂ ಕೇಳಿಲ್ಲ.

ಮಾವ ಇರಲಿಲ್ಲ. ಭತ್ತ ಅಳೆಸುವ ಯಜಮಾನಿಕೆ ಅತ್ತೆಯದೇ. ಸುಗ್ಗಿ ಮುಗಿದು ಗಾಡಿಗಳು ಬಂದಾಗ ಅವರು ಜಗಲಿಯಲ್ಲಿ ಕೂತು ಕೊಳಗದ ಎಣಿಕೆ ಕೂಗುತ್ತಿದ್ದರು. ಮೊದಲ ಕೊಳಗಕ್ಕೆ ಒಂದು ಎನ್ನಬಾರದು, ಲಾಭ ಎನ್ನಬೇಕು. ಆಮೇಲೆ ಎರಡು, ಎರಡೇ ಎರಡು, ಎರಡು ಎಂದು ಮುಂದಿನ ಕೊಳಗ ತುಂಬುವ ತನಕ ಎಳೆ ಕಡಿಯದಂತೆ ಕೂಗುತ್ತಿರಬೇಕು, ಇಲ್ಲದಿದ್ದರೆ ಎಣಿಕೆ ತಪ್ಪುತ್ತದೆ. ಅತ್ತೆಯ ಆ ಕೂಗಿಗೆ ಕೇರಿಯಲ್ಲೇ ಹೆಸರಿತ್ತು.

ನಾನು ಬಂದ ಎರಡನೇ ಸುಗ್ಗಿಯಲ್ಲಿ ಅವರಿಗೆ ನೆಗಡಿಯಾಯಿತು. ನೆಗಡಿ ಹೋಯಿತು, ಕೆಮ್ಮು ಉಳಿಯಿತು. ಅಡುಗೆಮನೆಯಲ್ಲಿದ್ದ ನನಗೆ ಒಂದು ಬೆಳಿಗ್ಗೆ ಆ ಕೂಗು ಬೇರೆಯಾಗಿ ಕೇಳಿಸಿತು. ಆರು, ಆರೇ, ಎಂದು ಒಂದು ಕಡಿತ. ಮತ್ತೆ ಆರು. ನನ್ನ ಕೈಯಲ್ಲಿದ್ದ ಸೌಟು ನಿಂತಿತು. ಸುಯ್ ಎಂಬ ಸದ್ದಿಲ್ಲ, ಏನಿಲ್ಲ, ನನ್ನದೇ ಜಾತಿಯ ಉಬ್ಬಸ. ನನಗಾದ ಸಂತೋಷವನ್ನು ಮುಚ್ಚಿಡುವುದಿಲ್ಲ. ಹಬ್ಬಕ್ಕೆ ತವರಿನಿಂದ ಕರೆ ಬಂದಾಗಲೂ ಅಷ್ಟು ಆಗಿರಲಿಲ್ಲ.

ಆದರೂ ಒಂದು ಸಲ ಹೇಳಿದೆ. ನಿಮ್ಮ ಉಸಿರು ಕಡಿಮೆಯಾಗುತ್ತಿದೆ, ಡಾಕ್ಟರಿಗೆ ತೋರಿಸಿ ಎಂದೆ. ನಿನ್ನ ರೋಗ ನನಗೆ ಅಂಟಿಸಬೇಡ, ಇನ್ನು ಈ ಮನೆಯಲ್ಲಿ ಉಸಿರಿನ ಮಾತೆತ್ತಿದರೆ ತವರಿಗೆ ಕಳಿಸುತ್ತೇನೆ ಎಂದರು. ಅವರು ಸುಳ್ಳು ಹೇಳುತ್ತಿರಲಿಲ್ಲ, ಅವರಿಗೆ ನಿಜಕ್ಕೂ ತಿಳಿಯುತ್ತಿರಲಿಲ್ಲ. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ. ನಾನು ಬಾಯಿ ಮುಚ್ಚಿದೆ. ದಿನವೂ ಒಲೆಯ ಮುಂದೆ ಕೂತು ಅವರ ಕೂಗಿನ ತುಂಡುಗಳನ್ನು ಕೇಳುತ್ತಾ ರೊಟ್ಟಿ ಬಡಿದೆ.

ಹತ್ತು ದಿನ ಕಳೆದಿರಬೇಕು. ಅಂಗಳದಲ್ಲಿ ನಾಲ್ಕು ಗಾಡಿ, ಆಳುಗಳು, ರೈತರು, ನನ್ನ ಗಂಡ. ಹನ್ನೊಂದನೇ ಕೊಳಗದ ನಂತರ ಅತ್ತೆಯ ಕೂಗು ಬರಲೇ ಇಲ್ಲ. ಅಳೆಯುವವನು ಕೊಳಗ ಹಿಡಿದು ಕಾದ. ಹೊರಗೆ ಬಂದು ನೋಡಿದೆ. ಹೆಗಲು ಮೇಲೆದ್ದು ನಿಂತಿದೆ, ತುಟಿ ನೇರಳೆ ಹಣ್ಣು ತಿಂದವರ ಹಾಗಿದೆ. ಆದರೂ ತನಗೇನೂ ಆಗಿಲ್ಲ, ಬೆಳಿಗ್ಗೆ ರೊಟ್ಟಿ ಒಂದು ಹೆಚ್ಚಾಯಿತು ಎಂದು ತಡೆದು ತಡೆದು ಹೇಳುತ್ತಿದ್ದಾರೆ. ಗಂಡ ಅದನ್ನು ನಂಬಿ ಮಜ್ಜಿಗೆ ತರಲು ನನಗೆ ಹೇಳಿದರು.

ಮಜ್ಜಿಗೆ ತಂದುಕೊಟ್ಟು ಒಳಗೆ ಹೋಗಿದ್ದರೆ ಸಂಜೆಯ ಹೊತ್ತಿಗೆ ಎಲ್ಲ ಮುಗಿಯುತ್ತಿತ್ತು. ಯಾರೂ ನನ್ನತ್ತ ಬೆರಳು ತೋರಿಸುತ್ತಿರಲಿಲ್ಲ. ಆದರೆ ಅವರು ತಿಳಿಯದೆಯೇ ಸತ್ತುಬಿಟ್ಟರೆ ನನಗೇನು ಸಿಕ್ಕಿತು? ಅವರಿಗೆ ತಿಳಿಯಬೇಕಿತ್ತು. ಅದೂ ನಾಲ್ಕು ಜನರ ಎದುರಿಗೆ.

ಮಜ್ಜಿಗೆಯ ಬದಲು ಅಗ್ಗಿಷ್ಟಿಕೆ ತಂದು ಜಗಲಿಯ ಮೇಲಿಟ್ಟೆ. ಒಳಗೆ ಕೆಂಡ, ಮೇಲೆ ತೆಳ್ಳಗೆ ಬೂದಿ. ಊದುಗೊಳವೆಯನ್ನು ಅವರ ಕೈಗಿಟ್ಟೆ.

"ಊದ್ರೀ ಅತ್ತೆ," ಎಂದೆ. "ಏನೂ ಆಗಿಲ್ಲ ಅಂದ್ರ ಬೂದಿ ಹಾರತೈತಿ."

ಗಂಡ ಗದರಿದರು. ಅತ್ತೆ ಸಿಟ್ಟಿನಿಂದಲೇ ಕೊಳವೆ ಕಿತ್ತುಕೊಂಡು ಊದಿದರು. ಬೂದಿ ಇದ್ದ ಹಾಗೇ ಇತ್ತು. ಕೊಳವೆಯನ್ನು ಒಮ್ಮೆ ನೋಡಿ, ಒಳಗೆ ಏನಾದರೂ ಸಿಕ್ಕಿಕೊಂಡಿದೆಯೇ ಎಂದು ನೆಲಕ್ಕೆ ತಟ್ಟಿ, ಮತ್ತೆ ಊದಿದರು. ಒಂದು ಚೂರೂ ಅಲುಗಲಿಲ್ಲ. ಆಗ ತಲೆಯೆತ್ತಿ ನನ್ನನ್ನು ನೋಡಿದರು. ಆ ಕಣ್ಣಿನಲ್ಲಿದ್ದ ಹೆದರಿಕೆಯನ್ನು ನಾನು ಕಣ್ತುಂಬ ನೋಡಿದೆ.

ಆಮೇಲೆ ನನ್ನ ಡಬ್ಬಿಯಿಂದ ಮಾತ್ರೆ ತಂದು ಕೊಟ್ಟೆ. ಖಾಲಿಯಾಗಿದ್ದ ಗಾಡಿಯೊಂದರಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಹೋದೆವು. ಡಾಕ್ಟರು ಸೂಜಿ ಚುಚ್ಚಿದರು. ಕೆಲವರಿಗೆ ಉಸಿರಿನ ದಾರಿ ಕೂದಲೆಳೆಯಷ್ಟು ಕಿರಿದಾದರೂ ತಿಳಿಯುತ್ತದೆ, ಕೆಲವರಿಗೆ ಮುಕ್ಕಾಲು ಮುಚ್ಚಿದರೂ ತಿಳಿಯುವುದಿಲ್ಲ, ಇಂಥವರೇ ಹೆಚ್ಚು ಅಪಾಯದವರು ಎಂದು ಗಂಡನಿಗೆ ಹೇಳಿದರು. ಇನ್ನು ಮುಂದೆ ತಿಳಿಯುವವರು ಯಾರಾದರೂ ದಿನವೂ ನೋಡಿಕೊಳ್ಳಬೇಕಂತೆ. ಗಂಡ ನನ್ನ ಕಡೆ ನೋಡಿದರು.

ಅರ್ಧ ಗಂಟೆಗೆ ಅತ್ತೆಯ ಎದೆ ಬಿಟ್ಟಿತು. ಬಾಯಿ ತೆರೆದುಕೊಂಡು ಗಾಳಿಯನ್ನು ಎಳೆದು ಬಿಟ್ಟು, ಎಳೆದು ಬಿಟ್ಟು ಮಾಡಿದರು. ಕಣ್ಣಲ್ಲಿ ನೀರು ಬಂತು. ನನ್ನ ಕೈ ಹಿಡಿದುಕೊಂಡರು.

"ನಿಂಗೂ ಹಿಂಗೇ ಆಗ್ತಿತ್ತನೇ?"

ಎರಡು ವರ್ಷ ಕಾದಿದ್ದ ಮಾತು ನಾಲಿಗೆಯ ತುದಿಯಲ್ಲೇ ಇತ್ತು. "ಇಲ್ಲ ಅತ್ತೆ," ಎಂದೆ. "ನಂದು ನಾಟಕ." ಅವರು ಕೈ ಬಿಟ್ಟು ಗೋಡೆಯ ಕಡೆ ತಿರುಗಿ ಮಲಗಿದರು.

ಅಂದಿನಿಂದ ಅವರು ಬದುಕಿದ್ದಷ್ಟು ದಿನವೂ ಬೆಳಿಗ್ಗೆ ಎದ್ದು ನನ್ನ ಮುಂದೆ ಕೂತು ಒಂದೇ ಉಸಿರಿನಲ್ಲಿ ಇಪ್ಪತ್ತು ಎಣಿಸಬೇಕಿತ್ತು. ಲಾಭದಿಂದಲೇ ಶುರುಮಾಡುತ್ತಿದ್ದರು. ನಾನು ಕೈಕಟ್ಟಿ ಕೇಳುತ್ತಿದ್ದೆ. ಹತ್ತಕ್ಕೆ ನಿಂತರೆ ಮಾತ್ರೆ. ಮಾತ್ರೆಯ ಡಬ್ಬಿ ನಡುಮನೆಯ ಗೂಡಿನಲ್ಲಿರುತ್ತಿತ್ತು, ಅದನ್ನು ಅಲ್ಲಿಟ್ಟವಳು ನಾನೇ.

ಒಂದು ದಿನ ಎಂಟಕ್ಕೇ ನಿಂತು, ಎದೆ ಹಿಡಿದುಕೊಂಡು, "ಓಡು," ಎಂದರು.

ನಾನು ಎದ್ದು ಸೆರಗು ಸರಿಮಾಡಿಕೊಂಡೆ. "ಓಡಿದ್ರ ನಂಗ ಉಬ್ಬಸ ಬರತೈತಿ ಅತ್ತೆ," ಎಂದೆ.

ಅಲ್ಲಿಂದ ಗೂಡಿಗೆ ಹದಿನಾಲ್ಕು ಹೆಜ್ಜೆ. ನಡೆದುಕೊಂಡೇ ಹೋದೆ.