ಐದನೇ ಮನೆಯ ರಾಗಿ

ಕೇಳಿ ಮಕ್ಕಳೇ, ನಾನಾಗ ಒಂಬತ್ತು ವರ್ಷದವಳು. ಅದಾಗಿ ಅರವತ್ತು ವರ್ಷವಾದರೂ ಆಗಿರಬೇಕು. ಸಿರಾ ಪಕ್ಕದ ನಮ್ಮ ಹಳ್ಳೀಲಿ ಅವತ್ತು ಮೊಹರಂ ಹತ್ತನೇ ದಿನ. ಊರವರು ಬಾಬಯ್ಯನ ಹಬ್ಬ ಅಂದರೂ ನಮಗದು ದುಃಖದ ದಿನ. ಪೈಗಂಬರರ ಮೊಮ್ಮಗ ಹುಸೇನರು ಕರ್ಬಲಾದಲ್ಲಿ ಗುಟುಕು ನೀರಿಲ್ಲದೆ ಪ್ರಾಣ ಬಿಟ್ಟ ದಿನ.

ನನ್ನ ತಮ್ಮನಿಗೆ ಮೂರು ವರ್ಷ. ಎರಡು ದಿನದಿಂದ ಜ್ವರ ಬಿಟ್ಟಿರಲಿಲ್ಲ. ಬೆಳಿಗ್ಗೆ ಅಮ್ಮಿ ಹರಕೆ ಹೊತ್ತಳು: ಹುಡುಗನನ್ನು ಫಕೀರ ಮಾಡಿ, ಅವನ ಕೈಯಿಂದಲೇ ಐದು ಮನೆ ಭಿಕ್ಷೆ ಎತ್ತಿಸ್ತೀನಿ ಅಂತ. ಅದೂ ಬೆಳ್ಳಿ ಹಸ್ತದ ಪಂಜಾ ಮೆರವಣಿಗೆ ಮುಗಿಸಿ ಕೆರೆಗೆ ಇಳಿಯುವುದರೊಳಗೆ ಆಗಬೇಕು. ಅವಳು ಬಾಣಂತಿ, ಹೊಸ್ತಿಲು ದಾಟಂಗಿಲ್ಲ. ಪಂಜಾ ಹೊರುವವರು ನಮ್ಮ ಅಬ್ಬ. ಉಳಿದವಳು ನಾನು. ತಮ್ಮನ ಕೊರಳಿಗೆ ಹಸಿರು ದಾರ ಕಟ್ಟಿ, ಜೋಳಿಗೆ ಹಾಕಿ, ನನ್ನ ಸೊಂಟದ ಮೇಲೆ ಕೂರಿಸಿದಳು. ಅವನ ಮೈ ನನ್ನ ಲಂಗದ ಮೇಲಿಂದಲೂ ಸುಡುತ್ತಿತ್ತು.

ಮೊದಲನೇ ಮನೆ ಗೌಡತಿ, "ಏನ್ಲಾ ಫಕೀರ, ಅಕ್ಕನ್ನ ಕುದುರೆ ಮಾಡ್ಕಂಡು ಬಂದ್ಬುಟ್ಯಾ?" ಅಂತ ನಗುತ್ತಾ ರಾಗಿ ಹಾಕಿದಳು. ಅವನೂ ನಕ್ಕ. ಇನ್ನೆರಡು ಮನೆಯಲ್ಲಿ ಕೈ ಚಾಚಿದ. ನಾಲ್ಕನೇ ಮನೆ ಮುದುಕಿ ರಾಗಿ ಹಾಕಿ, ಅವನ ಹಣೆ ಮುಟ್ಟಿ ನೋಡಿ, "ಮಲಗಿಸು ಹೋಗವ್ವ ಇವನ್ನ, ಬಾಬಯ್ಯ ಏನೂ ಅನ್ಕಳಲ್ಲ" ಅಂದಳು. ನಾನು ಕೇಳಲಿಲ್ಲ. ಒಂದೇ ಮನೆ ಉಳಿದಿತ್ತು.

ಆ ಮನೆಗೆ ಬೀಗ. ಅದರಾಚೆಯವಕ್ಕೂ ಬೀಗ. ಊರಿಗೂರೇ ಮೆರವಣಿಗೆ ನೋಡಕ್ಕೆ ಹೋಗಿತ್ತು. ಯಾರಾದರೂ ಬರಲಿ ಅಂತ ಜಗುಲಿ ಮೇಲೆ ಕೂತೆ. ಲೋಬಾನದ ಹೊಗೆ ಬಂತು, ಹಿಂದೆಯೇ ತಮಟೆ, ಜನ, ನಡುವೆ ಪಂಜಾ ಹೊತ್ತ ಅಬ್ಬ. ಅಷ್ಟರಲ್ಲಿ ತಮ್ಮನ ಕತ್ತು ನನ್ನ ತೋಳಿನ ಮೇಲೆ ವಾಲಿತು.

"ಅಬ್ಬಾ, ಇವನು ಕಣ್ಣೇ ಬಿಡ್ತಿಲ್ಲ!"

ನಾನು ಕೂಗಿದ್ದು ತಮಟೆ ಸದ್ದಿಗೆ ಯಾರಿಗೂ ಕೇಳಲಿಲ್ಲ. ಅಬ್ಬ ಮಾತ್ರ ನೋಡಿದರು. ಹೊತ್ತ ಪಂಜಾವನ್ನು ನೀರು ಮುಟ್ಟುವವರೆಗೂ ಇಳಿಸಂಗಿಲ್ಲ, ಹಿಂದಕ್ಕೆ ತಿರುಗಂಗಿಲ್ಲ. ಅವರ ತುಟಿ ಅಲ್ಲಾಡಿತು. ಕಾಲು ಕೆರೆ ಕಡೆಗೇ ನಡೀತು.

ಮನೆಗೆ ಓಡಿದೆ. ಅಮ್ಮಿ ಕೇಳಿದ್ದೇ, "ಐದೂ ಆಯ್ತಾ?"

"ನಾಲ್ಕು."

ಅಬ್ಬ ಒದ್ದೆ ಬಟ್ಟೆಯಲ್ಲಿ ಓಡಿ ಬರುವಷ್ಟರಲ್ಲಿ ತಮ್ಮ ಹೋಗಿಬಿಟ್ಟಿದ್ದ.

ಈಗ ನಿಮಗೆ ಮೈ ಬೆಚ್ಚಗಾದರೆ ಸಾಕು, ನಿಮ್ಮಪ್ಪ ಬೈಕ್ ಹತ್ತಿಸಿಕೊಂಡು ಸಿರಾ ಆಸ್ಪತ್ರೆಗೆ ಒಯ್ತಾನೆ. ಸೂಜಿ ಬೇಡ ಅಂತ ಅಳ್ತೀರಿ. ಅಳಿ. ಆಗ ನಮ್ಮೂರಿಗೆ ದಿನಕ್ಕೆ ಒಂದೇ ಬಸ್ಸು, ಅದೂ ಬೆಳಿಗ್ಗೆಯೇ ಹೋಗಿಯಾಗಿತ್ತು. ತಮ್ಮ ಯಾವ ಕಾಯಿಲೆಗೆ ಸತ್ತ ಅಂತ ನನಗೆ ಇವತ್ತಿಗೂ ಗೊತ್ತಿಲ್ಲ.

ಮಾರನೇ ಬೆಳಿಗ್ಗೆ ಐದನೇ ಮನೆಯವಳು ಸುದ್ದಿ ಕೇಳಿ ಅಳುತ್ತಾ ಮೊರದ ತುಂಬ ರಾಗಿ ತಂದಳು. ಇಸ್ಕೊಂಡೆ. ಹಿತ್ತಿಲಿಗೆ ಹೋಗಿ ಎಲ್ಲಾನೂ ಕೋಳಿಗೆ ಚೆಲ್ಲಿದೆ.