ಮೈಲವ್ವನ ಬಾಣಂತನದ ಅಡುಗೆ

ಹಾವೇರಿ ಹತ್ತಿರದ ಅಗಡಿಯಲ್ಲಿ ಮದುವೆ, ಸೀಮಂತ ಏನೇ ಇರಲಿ, ಹೋಳಿಗೆ ಮಾಡಲು ಮೈಲವ್ವನೇ ಬೇಕಾಗಿತ್ತು. ಈಗ ಯಾರೂ ಕರೆಯುವುದಿಲ್ಲ. ತುಪ್ಪ ಮುಟ್ಟದವಳ ಹೋಳಿಗೆ ಎಂಥದು ಎನ್ನುತ್ತಾರೆ.

ಹೋದ ವರ್ಷ ಅವಳ ಎಮ್ಮೆ ಕೋಣಗರು ಹಾಕಿತ್ತು. ಗಂಡ ಶಂಕ್ರಪ್ಪ ಅದಕ್ಕೆ ಹಾಲು ಬಿಡಲಿಲ್ಲ.

"ಅದಕ್ಕೂ ಒಂದೀಟ ಬಿಡ್ರಿ," ಎಂದಳು ಮೈಲವ್ವ.

"ಕೋಣ ಬೆಳಿಸಿ ಏನ ಮಾಡೂದೈತಿ? ಹಾಲು ಡೇರಿಗೆ ಹೋಗ್ಲಿ."

ಹಿಂದೆಯೂ ಹೀಗೆಯೇ ನಡೆದಿತ್ತು, ಅವಳು ಸುಮ್ಮನಿದ್ದಳು. ಈ ಸಲ ಕರು ಅವಳ ಕಣ್ಣೆದುರಿಗೇ ಕಾಲು ಮಡಚಿ ಬಿದ್ದು ಸತ್ತಿತು. ಎಮ್ಮೆ ಹಾಲು ಇಳಿಸದೆ ಒದರತೊಡಗಿತು. ಶಂಕ್ರಪ್ಪ ಕರುವಿನ ಚರ್ಮಕ್ಕೆ ಹುಲ್ಲು ತುಂಬಿಸಿ ತಂದು ಮುಂದೆ ನಿಲ್ಲಿಸಿದ. ಎಮ್ಮೆ ಅದನ್ನು ನೆಕ್ಕುತ್ತ ನೆಕ್ಕುತ್ತ ಹಾಲು ಕೊಟ್ಟಿತು. ಹಿಂಡಿದವಳು ಮೈಲವ್ವನೇ. ಆ ಹಾಲಿನ ಚಹಾವನ್ನು ಅವಳು ಹಿತ್ತಲಿಗೆ ಚೆಲ್ಲಿದಳು. ಅಂದಿನಿಂದ ಅವಳು ಹಾಲು, ಮೊಸರು, ತುಪ್ಪ ಬಿಟ್ಟಳು. ಹಿಂಡಲು ಕೊಟ್ಟಿಗೆಗೂ ಹೋಗಲಿಲ್ಲ.

ಬಿಟ್ಟಮೇಲೆ ಉಣ್ಣುವುದೇನು? ಕುಸುಬಿ ಕಾಳು ನೆನೆಸಿ ರುಬ್ಬಿ ಹಿಂಡಿ, ಆ ಹಾಲಿನಲ್ಲಿ ಗೋಧಿ ನುಚ್ಚಿನ ಹುಗ್ಗಿ ಮಾಡಿದಳು. ಶೇಂಗಾ ಹಾಲು ಕಾಯಿಸಿ, ಬ್ಯಾಡಗಿ ಮೆಣಸಿನಕಾಯಿಯ ತೊಟ್ಟು ಹಾಕಿ ಹೆಪ್ಪಿಟ್ಟಳು. ಮೊದಮೊದಲು ಅದು ಹಳಸಿ ನಾರಿತು. ಮುಂದೆ ಒಂದು ದಿನ ಗಟ್ಟಿಯಾಗಿ ಕೂತಾಗ ಹುಡುಗಿಯಂತೆ ಹಿಗ್ಗಿದಳು. ಶಂಕ್ರಪ್ಪ ಮೂಸಿ ನೋಡಿ ಬಟ್ಟಲು ಸರಿಸಿದ.

"ನಿನ್ನ ಮೈಯಾಗ ಏನರ ಹೊಕ್ಕೈತೇನ?"

ಅಷ್ಟರಲ್ಲಿ ಬ್ಯಾಡಗಿಗೆ ಕೊಟ್ಟಿದ್ದ ಮಗಳು ಸುನಿತಾ ಚೊಚ್ಚಲ ಹೆರಿಗೆಗೆ ಬಂದಳು. ಗಂಡು ಕೂಸು ಹುಟ್ಟಿತು. ಮೈಲವ್ವ ಜೀವ ತೇಯ್ದು ಅಡುಗೆ ಮಾಡಿದಳು. ಎದೆಹಾಲು ಹೆಚ್ಚಿಸುವ ಅಳ್ವಿ ಬೀಜವನ್ನು ತೆಂಗಿನಹಾಲಲ್ಲಿ ಕುದಿಸಿ ಬೆಲ್ಲ ಹಾಕಿದಳು. ತಿನ್ನುವ ಅಂಟನ್ನು ಎಳ್ಳೆಣ್ಣೆಯಲ್ಲಿ ಅರಳಿಸಿ, ಒಣಕೊಬ್ಬರಿ, ಉತ್ತತ್ತಿ ಕುಟ್ಟಿ ಉಂಡೆ ಕಟ್ಟಿದಳು. ಸುನಿತಾ ಕೆಲವು ದಿನ ತಕರಾರಿಲ್ಲದೆ ಉಂಡಳು. ಕೂಸನ್ನು ನೋಡಲು ಬಂದ ಓಣಿಯ ಹೆಂಗಸರು ಕಿವಿಯಲ್ಲಿ ಪಿಸುಗುಟ್ಟಿ ಹೋದಮೇಲೆ ತುತ್ತು ಕೆಳಗಿಟ್ಟಳು.

"ಎಲ್ಲಾರ ಮನ್ಯಾಗೂ ಬಾಣಂತಿಗೆ ತುಪ್ಪ ಉಣಸ್ತಾರ. ನನಗ್ಯಾಕ ಇಲ್ಲ?"

"ಎಣ್ಣಿ, ಕಾಳು ಎಲ್ಲಾ ಹಾಕೇನವ್ವ. ಶಕ್ತಿ ಬರತೈತಿ."

"ಶಕ್ತಿ ಮಾತಲ್ಲ ಬೇ ಯವ್ವ. ನಾ ಕೂಸಿಗೆ ಮಲಿ ಕುಡಸಾಗ ನೀ ಒಂದ ನಮೂನಿ ನೋಡ್ತಿ. ನಿನಗ ನಾ ಕಾಣ್ತೇನೊ, ಆ ಎಮ್ಮಿ ಕಾಣ್ತೈತೊ?"

ಸುಳ್ಳು ಹೇಳಿದ್ದರೆ ಮುಗಿಯುತ್ತಿತ್ತು. ಮೈಲವ್ವನಿಗೆ ಅದು ಬರಲಿಲ್ಲ. "ಎರಡೂ ಕಾಣ್ತಾವ," ಎಂದಳು. ಸುನಿತಾ ಗೋಡೆಯ ಕಡೆ ಹೊರಳಿ ಮಲಗಿದಳು.

ಮರುವಾರ ಬೀಗತಿ ಭರಮವ್ವ ಕೂಸಿಗೆ ಕುಲಾಯಿ ಟೊಪ್ಪಿಗೆ, ಸೊಸೆಗೆ ಒಂದು ಡಬ್ಬಿ ತುಪ್ಪ ತಂದಳು. ಊಟಕ್ಕೆ ಕೂತಾಗ ಡಬ್ಬಿಯನ್ನು ಮೈಲವ್ವನ ಕೈಗೆ ಕೊಟ್ಟಳು. ಮೈಲವ್ವ ಮುಚ್ಚಳ ತೆಗೆದಳು. ಒಂದು ಚಮಚ ಹಾಕಿದರೆ ಮಗಳು ಮನೆಯಲ್ಲಿ ಉಳಿಯುತ್ತಾಳೆ, ಇಲ್ಲದಿದ್ದರೆ ಬೀಗತಿ ಕರೆದೊಯ್ಯುತ್ತಾಳೆ ಎಂಬುದು ಅವಳಿಗೆ ಗೊತ್ತಿತ್ತು. ಆದರೂ ಮುಚ್ಚಳ ಮತ್ತೆ ಹಾಕಿದಳು. ಡಬ್ಬಿಯನ್ನು ಮಗಳ ಮುಂದಿಟ್ಟಳು.

"ನೀನ ಹಾಕ್ಕೊ. ನನ್ನ ಕೈಲೆ ಆಗವಲ್ದು."

"ಹಡದಾಕಿ ಆಡೂ ಮಾತೇನ್ರಿ ಇದು?" ಎಂದಳು ಭರಮವ್ವ. ಮರುದಿನವೇ ಗಾಡಿ ಮಾಡಿಸಿ ಸೊಸೆ, ಕೂಸು ಇಬ್ಬರನ್ನೂ ಕರೆದೊಯ್ದಳು. ತೊಟ್ಟಿಲು ನಡುಮನೆಯಲ್ಲಿ ಹಾಗೆಯೇ ಉಳಿಯಿತು. ಮೈಲವ್ವ ಒಬ್ಬಳೇ ಕೂತಾಗ, ಹಟ ಮಾಡಿ ಮಗಳನ್ನು ಕಳಕೊಂಡೆನಲ್ಲ ಎಂದು ಅಳುತ್ತಿದ್ದಳು. ಆದರೂ ಹಾಲಿನ ಕಡೆ ಮನಸ್ಸು ತಿರುಗಲಿಲ್ಲ.

ಎಷ್ಟೋ ದಿನಗಳ ಮೇಲೆ ಸುನಿತಾಳ ಫೋನ್ ಬಂತು.

"ಯವ್ವ, ಕೂಸಿಗೆ ನನ್ನ ಹಾಲು ಸಾಲವಲ್ದು. ನೀ ಮಾಡಿದ್ದ ಅಳ್ವಿ ಪಾಯಸ ಬಾಯಿಗೆ ಹತ್ತಿತ್ತು. ಇಲ್ಲಿ ಮಾಡಿದ್ದು ಸೇರವಲ್ದು."

ಮೈಲವ್ವ ಅವತ್ತೇ ಪಾಯಸ ಕಾಸಿ, ಹಾವೇರಿಗೆ ಹೋಗಿ ಬ್ಯಾಡಗಿ ಬಸ್ಸು ಹಿಡಿದಳು. ಭರಮವ್ವ ಬಾಗಿಲಲ್ಲಿ, "ಬರ್ರಿ, ಕುಂದ್ರಿ," ಎಂದಷ್ಟೇ ಹೇಳಿ ಒಳಗೆ ಹೋದಳು. ಸುನಿತಾ ಬಟ್ಟಲು ಹಿಡಿದು ತಾಯಿಯ ಮುಖ ನೋಡಿದಳು.

"ಒಂದ ಚಮಚ ತುಪ್ಪ ಹಾಕ್ಕೊಳ್ಳಲೇನ?"

"ಹಾಕ್ಕೊಳವ್ವ."

ಸುನಿತಾ ಹಾಕಿಕೊಂಡು ಉಂಡಳು. ಮೈಲವ್ವ ಮೊಮ್ಮಗನ ಅಂಗಾಲು ಸವರುತ್ತ ಕೂತಳು.

"ಮುಂದಿನ ವಾರ ಮತ್ತ ತರ್ತೀ?"

"ತರ್ತೇನಿ."

ಅಗಡಿಗೆ ಬರುವ ಮಾತನ್ನು ಸುನಿತಾ ಎತ್ತಲಿಲ್ಲ. ಬಾ ಎನ್ನುವ ಧೈರ್ಯ ಮೈಲವ್ವನಿಗೂ ಆಗಲಿಲ್ಲ. ಖಾಲಿ ಡಬ್ಬಿ ಚೀಲದಲ್ಲಿಟ್ಟುಕೊಂಡು ಬಸ್‌ಸ್ಟ್ಯಾಂಡಿನ ಕಡೆ ನಡೆದಳು.